ಬಾಡಿಗೆ ಮನೆಯ ಕೀಟಬಾಧೆ: ಶಹಾಡ್-ಕಲ್ಯಾಣ ಪ್ರದೇಶದಲ್ಲಿ ಬಾಡಿಗೆದಾರರಿಗಿರುವ ಕಾನೂನು ದಾರಿಗಳು

ತಿಗಣೆ, ಜಿರಳೆ, ಗೆದ್ದಲು, ಇಲಿ, ಹೆಗ್ಗಣಗಳ ಕಾಟ ಮಿತಿಮೀರಿದ ಬಾಡಿಗೆ ಮನೆಗಳು ಠಾಣೆ ಜಿಲ್ಲೆಯ ಶಹಾಡ್, ಕಲ್ಯಾಣ, ಉಲ್ಲಾಸನಗರ, ಡೊಂಬಿವಲಿಗಳಲ್ಲಿ ಅಪರೂಪವಲ್ಲ. ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಮಾಲೀಕರೂ ಅಪರೂಪವಲ್ಲ. ಇಂಥ ಮಾಲೀಕನ ಮೇಲೆ ಏನು ಕ್ರಮ ಕೈಗೊಳ್ಳಬಹುದು ಎಂದು ಕೇಳಿದರೆ ಮಹಾರಾಷ್ಟ್ರದ ಕಾನೂನು ನೇರ ಉತ್ತರ ಕೊಡುವುದಿಲ್ಲ. ರಿಪೇರಿಯ ಹೊಣೆಯನ್ನು ಹೇಳುವ ಕಲಮಿನಲ್ಲಿ ಯಾವ ಕೀಟದ ಹೆಸರೂ ಇಲ್ಲ. ಗೋಡೆ, ಚಾವಣಿ, ಕೊಳವೆ, ಚರಂಡಿ ವಾಸಕ್ಕೆ ತಕ್ಕ ಸ್ಥಿತಿಯಲ್ಲಿವೆಯೇ ಎಂಬುದಷ್ಟೇ ಅದರ ವಿಚಾರ. ಆದ್ದರಿಂದ ಹೆಗ್ಗಣದ ಮೇಲಿನ ದೂರು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಮೊದಲು ಅದು ಒಡೆದ ಚರಂಡಿಯ ಮೇಲಿನ ದೂರಾಗಬೇಕು. ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದುದು: ದೂರು ಕೊಡುವವನು ಕಾನೂನಿನ ಕಣ್ಣಿನಲ್ಲಿ ಬಾಡಿಗೆದಾರನೋ, ಬರೀ ಲೈಸೆನ್ಸುದಾರನೋ? ಹೆಚ್ಚಿನ ಪ್ರಕರಣಗಳ ಹಣೆಬರಹ ಇಲ್ಲೇ ನಿರ್ಧಾರವಾಗಿಬಿಡುತ್ತದೆ.

ಊರು ಮತ್ತು ಮನೆಗಳು

ಮಧ್ಯ ರೈಲ್ವೆಯ ಕಲ್ಯಾಣ-ಕಸಾರಾ ಮಾರ್ಗದಲ್ಲಿ ಕಲ್ಯಾಣ ಬಿಟ್ಟೊಡನೆ ಸಿಗುವ ನಿಲ್ದಾಣ ಶಹಾಡ್. ಮುಂದಿನದು ಆಂಬಿವಲಿ. ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ಮಂದಿರವೆಂದೇ ಹೆಸರಾದ ವಿಠೋಬಾ ದೇವಸ್ಥಾನ, ಮುರ್ಬಾಡ್ ರಸ್ತೆ, ಉಲ್ಲಾಸ ನದಿ ಇದರ ಗುರುತುಗಳು. ಪಕ್ಕದ ಉಲ್ಲಾಸನಗರ ಎರಡನೇ ಮಹಾಯುದ್ಧ ಕಾಲದ ಸೈನಿಕ ಶಿಬಿರವಾಗಿತ್ತು. ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಅಲ್ಲಿನ ಬ್ಯಾರಕ್ಕುಗಳಲ್ಲಿ ನೆಲೆಸಿದರು. 1949ರಲ್ಲಿ ಊರಿಗೆ ಈಗಿನ ಹೆಸರು ಬಂತು. ಬ್ಯಾರಕ್ಕುಗಳಿಗೆ ಅಟ್ಟ ಕಟ್ಟಿ, ಅಡ್ಡಗೋಡೆ ಎಬ್ಬಿಸಿ, ಒಂದನ್ನು ನಾಲ್ಕಾಗಿ ಮಾಡಿದ ಮನೆಗಳು, ಕಾರ್ಖಾನೆ ಕಾರ್ಮಿಕರ ಚಾಳುಗಳು, ನಲವತ್ತು-ಐವತ್ತು ವರ್ಷ ಹಳೆಯ ನಾಲ್ಕು ಮಾಳಿಗೆಯ ಸೊಸೈಟಿಗಳು, ಈಚಿನ ಎತ್ತರದ ಟವರುಗಳು ಇಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಹೋಟೆಲು, ಕ್ಯಾಂಟೀನು, ಕಾರ್ಖಾನೆ ಕೆಲಸಗಳಿಗೆ ಬಂದ ಕನ್ನಡಿಗರೂ ತುಳುವರೂ ಈ ಎಲ್ಲ ಬಗೆಯ ಮನೆಗಳಲ್ಲಿ ಇದ್ದಾರೆ.

ಕೀಟಗಳೂ ಮನೆಗೆ ತಕ್ಕಂತೆ. ಹಂಚಿಕೊಂಡ ಗೋಡೆಯ ಚಾಳಿನಲ್ಲಿ ತಿಗಣೆ ಒಂದು ಖೋಲಿಗೆ ಬಂದರೆ ಸಾಲಿಗೇ ಬಂದಂತೆ. ಹಳೆಯ ಸೊಸೈಟಿಗಳಲ್ಲಿ ಚರಂಡಿ ಕೊಳವೆ ಹಿಡಿದು ಜಿರಳೆ ಮಾಳಿಗೆಯಿಂದ ಮಾಳಿಗೆಗೆ ಏರುತ್ತದೆ. ಟವರುಗಳಲ್ಲಿ ಗೆದ್ದಲು ಮೊದಲು ತಿನ್ನುವುದು ಬಾಗಿಲ ಚೌಕಟ್ಟನ್ನು. ಮಳೆಗಾಲದಲ್ಲಿ ಉಲ್ಲಾಸ ಮತ್ತು ವಾಲಧುನಿ ನದಿಗಳು ತುಂಬಿ ಬಿಲಗಳಿಗೆ ನೀರು ನುಗ್ಗಿದಾಗ ಹೆಗ್ಗಣಗಳು ಮನೆಗಳತ್ತ ಬರುತ್ತವೆ. ಅವುಗಳ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ ಮುಂಬಯಿ ಪ್ರದೇಶದ ವರ್ಷಾವಧಿ ಚಿಂತೆ.

ಹಿನ್ನೆಲೆ

ಇಲಿ ಮತ್ತು ವಸತಿ ಕಾನೂನಿನ ಸಂಬಂಧ ಈ ನಾಡಿಗೆ ಹೊಸದಲ್ಲ. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ, 1898ರಲ್ಲಿ ಇಕ್ಕಟ್ಟಿನ ವಸತಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂದವು. ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂದಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆ ಭಯದ ಕಾಲದಲ್ಲಿ ಬೆಳೆದವು. ಆದರೆ ಈ ಕ್ರಮಗಳೆಲ್ಲ ಸರ್ಕಾರ ಮತ್ತು ಊರಿನ ನಡುವಿನವು. ಒಬ್ಬ ಬಾಡಿಗೆದಾರ ತನ್ನ ಮಾಲೀಕನನ್ನು ಪ್ರಶ್ನಿಸುವ ಹಕ್ಕು ಅವುಗಳಿಂದ ಹುಟ್ಟಲಿಲ್ಲ.

ಆ ಹಕ್ಕಿನ ಮಾತು ಬಂದಾಗ ಕಾನೂನು ಓದಿದವರು ನೆನೆಯುವುದು ಇಂಗ್ಲೆಂಡಿನ 1843ರ ಸ್ಮಿತ್-ಮ್ಯಾರಬಲ್ ಪ್ರಕರಣವನ್ನು. ಬ್ರೈಟನ್ನಿನಲ್ಲಿ ಸಾಮಾನು ಸಮೇತ ಬಾಡಿಗೆಗೆ ಹಿಡಿದ ಮನೆಯಲ್ಲಿ ತಿಗಣೆ ತುಂಬಿತ್ತು. ಬಾಡಿಗೆದಾರ ಅವಧಿ ಮುಗಿಯುವ ಮುನ್ನವೇ ಮನೆ ಬಿಟ್ಟ, ಮಾಲೀಕರು ಉಳಿದ ಬಾಡಿಗೆಗೆ ದಾವೆ ಹೂಡಿದರು. ಸಾಮಾನು ಸಮೇತ ಕೊಟ್ಟ ಮನೆ ವಾಸಯೋಗ್ಯವಾಗಿರಲೇಬೇಕು, ಇಲ್ಲದಿದ್ದರೆ ಬಿಟ್ಟು ಹೋಗಬಹುದು ಎಂದು ನ್ಯಾಯಾಧೀಶ ಬ್ಯಾರನ್ ಪಾರ್ಕ್ ತೀರ್ಪಿತ್ತರು. ಸ್ವಲ್ಪ ಕಾಲದಲ್ಲೇ ಹಾರ್ಟ್-ವಿಂಡ್ಸರ್ ಪ್ರಕರಣ ಬಂತು. ಅಲ್ಲೂ ತಿಗಣೆಯೇ, ಆದರೆ ಬರಿದಾದ ಮನೆ. ಈ ನಿಯಮ ಬರಿ ಮನೆಗೆ ಹೊಂದುವುದಿಲ್ಲವೆಂದು ಅದೇ ಪಾರ್ಕ್ ಹೇಳಿದರು. ಕಚ್ಚುವ ತಿಗಣೆಗೆ ಮಂಚ ಯಾರದೆಂಬ ವ್ಯತ್ಯಾಸ ತಿಳಿಯದು, ನ್ಯಾಯಾಲಯಕ್ಕೆ ಮಾತ್ರ ತಿಳಿಯಿತು. ವಾಸಯೋಗ್ಯತೆಯ ಖಾತರಿ ತಾನಾಗಿಯೇ ಬರುವುದಿಲ್ಲವೆಂಬ ಈ ನಿಲುವಿನ ನೆರಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮೇಲೆ ಇದೆ. ಅದರ 108ನೇ ಕಲಮು ಬಳಕೆಗೆ ಅಡ್ಡಿಯಾಗುವ ಗುಪ್ತ ದೋಷ ತನಗೆ ಗೊತ್ತಿದ್ದರೆ ಮಾಲೀಕ ಮೊದಲೇ ಹೇಳಬೇಕು ಎನ್ನುತ್ತದೆ. ಅವನು ಮಾಡಲೇಬೇಕಾದ ರಿಪೇರಿಯನ್ನು ನೋಟಿಸಿನ ನಂತರವೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ. ಮಾಡಲೇಬೇಕಾದ ರಿಪೇರಿ ಯಾವುದೆಂಬುದನ್ನು ಕರಾರಿಗೆ ಬಿಟ್ಟಿದೆ.

ಬಾಡಿಗೆದಾರನೋ, ಲೈಸೆನ್ಸುದಾರನೋ

1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿ, ಒಕ್ಕಲೆಬ್ಬಿಸುವುದನ್ನು ಕಷ್ಟವಾಗಿಸಿತು. ಅದರಿಂದ ತಪ್ಪಿಸಿಕೊಳ್ಳಲು ಮಾಲೀಕರು ಬಾಡಿಗೆಯ ಬದಲು ‘ಲೀವ್ ಅಂಡ್ ಲೈಸೆನ್ಸ್’ ಕರಾರು ಬರೆಸತೊಡಗಿದರು. 1973ರ ಫೆಬ್ರವರಿ 1ರಂದು ಅಂಥ ಕರಾರಿನ ಮೇಲೆ ವಾಸವಿದ್ದವರನ್ನು ಕಾನೂನು ಬಾಡಿಗೆದಾರರೆಂದೇ ಮಾನ್ಯ ಮಾಡಿತು. ಆಮೇಲೆ ಬಂದವರಿಗೆ ಆ ಭಾಗ್ಯ ಸಿಗಲಿಲ್ಲ. ಹಳೆಯ ಕಾಯ್ದೆಯ ಜಾಗದಲ್ಲಿ 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999, ಈ ಎರಡು ಜಾತಿಗಳನ್ನು ಹಾಗೆಯೇ ಉಳಿಸಿಕೊಂಡಿತು.

ಇಂದು ಶಹಾಡಿನಲ್ಲಿ ಪಗಡಿಯೆಂಬ ಇಡುಗಂಟು ಕೊಟ್ಟು ಬಂದವರು, ಚಾಳುಗಳಲ್ಲಿ ತಲೆಮಾರಿನಿಂದ ಇರುವವರು ಬಾಡಿಗೆದಾರರು. ಏಜೆಂಟನ ಮೂಲಕ ಬಂದು ಡಿಪಾಸಿಟ್ ಕೊಟ್ಟು 11 ತಿಂಗಳ ಅಗ್ರಿಮೆಂಟಿಗೆ ಹೆಬ್ಬೆಟ್ಟೊತ್ತಿದವರು ಲೈಸೆನ್ಸುದಾರರು. ಆಡುಮಾತಿನಲ್ಲಿ ಇಬ್ಬರೂ ‘ಭಾಡೇಕರಿ’ಗಳೇ. ಮೊದಲನೆಯವರಿಗೆ ಹಕ್ಕು ಗಟ್ಟಿ, ಹಣ ಸಣ್ಣದು. ಎರಡನೆಯವರಿಗೆ ಹಣ ದೊಡ್ಡದು, ಹಕ್ಕು ತೆಳು.

ಹದಿನಾಲ್ಕನೇ ಕಲಮು

ಬಾಡಿಗೆದಾರನ ಕೈಯಲ್ಲಿರುವ ಮುಖ್ಯ ಅಸ್ತ್ರ 1999ರ ಕಾಯ್ದೆಯ 14ನೇ ಕಲಮು. ಬಾಡಿಗೆದಾರ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಮನೆಯನ್ನು ವಾಸಕ್ಕೆ ತಕ್ಕಂತೆ ದುರಸ್ತಿಯಲ್ಲಿಡುವುದು ಮಾಲೀಕನ ಕರ್ತವ್ಯ. ಆತ ಅಸಡ್ಡೆ ಮಾಡಿದರೆ ಕನಿಷ್ಠ 15 ದಿನಗಳ ನೋಟಿಸು ಕೊಡಬೇಕು. ಒಬ್ಬನೇ ಕೊಡಬಹುದು, ಹಲವು ಬಾಡಿಗೆದಾರರು ಸೇರಿಯೂ ಕೊಡಬಹುದು. ಆ ಮೇಲೂ ಯೋಗ್ಯ ಅವಧಿಯಲ್ಲಿ ಕೆಲಸವಾಗದಿದ್ದರೆ ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ರಸೀದಿಗಳೊಡನೆ ಇಟ್ಟ ಲೆಕ್ಕ ಮಾಲೀಕನನ್ನು ಕಟ್ಟಿಹಾಕುತ್ತದೆ. ಚಿಲ್ಲರೆ ಚೀಟಿಯನ್ನೂ ಎಸೆಯಬಾರದು ಎನ್ನುವುದು ಇದಕ್ಕೇ.

ಮಿತಿಯೊಂದಿದೆ: ಒಂದು ವರ್ಷದಲ್ಲಿ ಮುರಿದುಕೊಳ್ಳುವ ಮೊತ್ತ ಆ ವರ್ಷದ ಬಾಡಿಗೆಯ ಕಾಲುಭಾಗ ಮೀರುವಂತಿಲ್ಲ. ತಿಂಗಳಿಗೆ 2,000 ರೂಪಾಯಿ ಬಾಡಿಗೆಯಿದ್ದರೆ ವರ್ಷಕ್ಕೆ 6,000 ರೂಪಾಯಿ. ಹಳೆಯ ನಿಯಂತ್ರಿತ ಬಾಡಿಗೆ 150 ರೂಪಾಯಿಯೇ ಆಗಿದ್ದರೆ ವರ್ಷಕ್ಕೆ 450 ರೂಪಾಯಿ. ಇಷ್ಟರಲ್ಲಿ ಚರಂಡಿಗೆ ಹೊಸ ಜಾಲರಿ ಹಾಕಿಸುವುದೂ ಕಷ್ಟ. ಬಾಡಿಗೆ ಕಡಿಮೆಯಿರಲೆಂದು ಹೋರಾಡಿದವರಿಗೆ ಅದೇ ಬಾಡಿಗೆ ಇಲ್ಲಿ ತೊಡಕಾಗುತ್ತದೆ. ಈ ಕಲಮು ಸಾರ್ಥಕವಾಗುವುದು ಚಾಳಿನ ಇಡೀ ಸಾಲು ಒಟ್ಟಾಗಿ ನೋಟಿಸು ಕೊಟ್ಟಾಗ. ಖರ್ಚು ಹಂಚಿಹೋಗುತ್ತದೆ, ತಿಗಣೆ ಓಡಲು ಪಕ್ಕದ ಖೋಲಿ ಉಳಿಯುವುದಿಲ್ಲ.

ಔಷಧಿ ಹೊಡೆಸುವುದು ರಿಪೇರಿಯೇ? ಬರೀ ಔಷಧಿಯೆಂದರೆ ಮಾಲೀಕನ ವಕೀಲ ಅದನ್ನು ಮನೆ ಚೊಕ್ಕಟವಾಗಿಡುವ ಕೆಲಸ, ವಾಸಿಸುವವನ ಪಾಡು ಎನ್ನುತ್ತಾನೆ. ಆದ್ದರಿಂದ ನೋಟಿಸಿನಲ್ಲಿ ಕೀಟಕ್ಕಿಂತ ಮೊದಲು ಕಟ್ಟಡ ಬರಬೇಕು: ಬಚ್ಚಲಿನ ಒಡೆದ ಕೊಳವೆ, ಗೋಡೆ-ನೆಲ ಕೂಡುವಲ್ಲಿನ ಸಂದು, ಮುಚ್ಚಳವಿಲ್ಲದ ಚೇಂಬರು, ಸೋರಿಕೆಯಿಂದ ಮೆತ್ತಗಾದ ಚೌಕಟ್ಟು. ಅವುಗಳಿಂದಾಗಿ ಹೆಗ್ಗಣ, ಜಿರಳೆ, ಗೆದ್ದಲು. ಅವುಗಳ ದುರಸ್ತಿಯ ಭಾಗವಾಗಿ ಔಷಧಿ. ಈ ಸರಣಿಯಲ್ಲಿ ಬರೆದ ನೋಟಿಸಿಗೆ ತೂಕ ಬೇರೆ.

ಅದೇ ಕಾಯ್ದೆಯ 29ನೇ ಕಲಮಿನ ಬಳಕೆ ಕಡಿಮೆ, ಆದರೆ ಇಲಿಯ ವಿಷಯದಲ್ಲಿ ಅದು ಚುರುಕಾದದ್ದು. ಬಾಡಿಗೆದಾರ ಅನುಭವಿಸುತ್ತಿದ್ದ ಅವಶ್ಯಕ ಸೌಲಭ್ಯವನ್ನು ಸಕಾರಣವಿಲ್ಲದೆ ನಿಲ್ಲಿಸಬಾರದು ಎನ್ನುವ ಈ ಕಲಮು ನೀರು, ವಿದ್ಯುತ್ತು, ಮೆಟ್ಟಿಲ ದೀಪಗಳ ಜೊತೆಗೆ ಕಸ-ಮಲ ವಿಲೇವಾರಿ ಮತ್ತು ನೈರ್ಮಲ್ಯ ಸೇವೆಯನ್ನೂ ಎಣಿಸುತ್ತದೆ. ಮೊದಲು ಮಾಲೀಕನೇ ಜನ ಇಟ್ಟು ಗಟಾರ ತೆಗೆಸುತ್ತಿದ್ದು, ಜಗಳದ ಮೇಲೆ ನಿಲ್ಲಿಸಿದ್ದರೆ, ಸೇವೆಯನ್ನು ಮತ್ತೆ ಆರಂಭಿಸುವ ಆದೇಶ ಕೇಳಬಹುದು. ಮುಂಬಯಿ ನಗರದಲ್ಲಿ ಇಂಥ ವ್ಯಾಜ್ಯ ಲಘು ವ್ಯಾಜ್ಯಗಳ (ಸ್ಮಾಲ್ ಕಾಸಸ್) ನ್ಯಾಯಾಲಯಕ್ಕೆ ಹೋಗುತ್ತದೆ, ಶಹಾಡಿನ ಕಡೆಯವು ಆ ಸರಹದ್ದಿನ ಸಿವಿಲ್ ನ್ಯಾಯಾಧೀಶರ ಮುಂದೆ ಬರುತ್ತವೆ. ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳಿಗಿರುವ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ದುರಸ್ತಿ ಮಂಡಳಿಯ ಆಸರೆ ಇತ್ತಕಡೆ ಇಲ್ಲ.

ಲೈಸೆನ್ಸುದಾರನ ಪಾಡು

14ನೇ ಕಲಮು ‘ಬಾಡಿಗೆದಾರ’ನಿಗಷ್ಟೇ. ಲೈಸೆನ್ಸುದಾರನಿಗೆ ಆಧಾರ 1882ರ ಈಸ್‌ಮೆಂಟ್ಸ್ ಕಾಯ್ದೆ ಮತ್ತು ತಾನು ಸಹಿ ಮಾಡಿದ ಕಾಗದ. ಆ ಕಾಯ್ದೆಯ 57ನೇ ಕಲಮಿನ ಪ್ರಕಾರ, ಲೈಸೆನ್ಸುದಾರನ ಜೀವಕ್ಕೋ ಸೊತ್ತಿಗೋ ಅಪಾಯ ತರಬಲ್ಲ ದೋಷ ತನಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದಿದ್ದರೆ ಕೊಟ್ಟವನು ಅದನ್ನು ಹೇಳಲೇಬೇಕು. ಹಿಂದಿನವರು ಗೆದ್ದಲಿನಿಂದಲೇ ಬಿಟ್ಟುಹೋದರೆಂಬುದನ್ನು ವಾಚ್‌ಮನ್ ಹೇಳಿಯಾನು, ಮಾಲೀಕ ಹೇಳಲಾರ. ಮಾಲೀಕನಿಗೆ ಅದು ಗೊತ್ತಿತ್ತೆಂದು ಸಾಬೀತುಪಡಿಸಲು ಸಾಧ್ಯವಾದರೆ ಕಪಾಟು, ಪುಸ್ತಕಗಳ ನಷ್ಟಕ್ಕೆ ಪರಿಹಾರ ಕೇಳುವ ದಾರಿ ತೆರೆಯುತ್ತದೆ.

ಉಳಿದದ್ದೆಲ್ಲ ಅಗ್ರಿಮೆಂಟಿನಲ್ಲಿದೆ. ರೂಢಿಯ ನಮೂನೆಗಳು ‘ಸಣ್ಣಪುಟ್ಟ ದುರಸ್ತಿ’ಯನ್ನು ವಾಸಿಸುವವನ ತಲೆಗೆ, ‘ದೊಡ್ಡ ದುರಸ್ತಿ’ಯನ್ನು ಮಾಲೀಕನ ತಲೆಗೆ ಕಟ್ಟಿ ಕೀಟದ ಬಗ್ಗೆ ಮೌನವಾಗಿರುತ್ತವೆ. ಎರಡು ಸಾಲು ಸೇರಿಸಿದರೆ ಸಾಕು: ಮನೆ ಕೊಡುವ ಮೊದಲು ಮಾಲೀಕನ ಖರ್ಚಿನಲ್ಲಿ ಪೆಸ್ಟ್ ಕಂಟ್ರೋಲ್ ಆಗಿರಬೇಕು, ಇಂತಿಷ್ಟು ದಿನದಲ್ಲಿ ಬಾಧೆ ನಿವಾರಿಸದಿದ್ದರೆ ಲಾಕ್-ಇನ್ ಅವಧಿ ಅನ್ವಯಿಸದೆ ಡಿಪಾಸಿಟ್ ಪೂರ್ತಿ ಹಿಂತಿರುಗಬೇಕು. ಸಹಿಗೆ ಮುಂಚೆ ಇದನ್ನು ಕೇಳಲು ಜನ ನಾಚುತ್ತಾರೆ, ಮನೆ ಕೈತಪ್ಪುವ ಹೆದರಿಕೆ.

ಅಗ್ರಿಮೆಂಟ್ ನೋಂದಣಿಯಾಗಿದೆಯೇ ಎಂಬುದು ಮಹಾರಾಷ್ಟ್ರದಲ್ಲಿ ದೊಡ್ಡ ಪ್ರಶ್ನೆ. ಕರ್ನಾಟಕದಿಂದ ಬಂದವರು 11 ತಿಂಗಳಾದರೆ ನೋಂದಣಿ ಬೇಡವೆಂದು ತಿಳಿದಿರುತ್ತಾರೆ. ಇಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಬಾಡಿಗೆಯಾಗಲಿ ಲೈಸೆನ್ಸಾಗಲಿ, ಅವಧಿ ಎಷ್ಟೇ ಇರಲಿ, ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದಕ್ಕಿಂತ ಉಪಯೋಗದ ಮಾತು ಇದು: ನೋಂದಣಿಯಿಲ್ಲದಿದ್ದರೆ ಷರತ್ತುಗಳ ಬಗ್ಗೆ ವಾಸಿಸುವವನು ಹೇಳಿದ್ದೇ ನಿಲ್ಲುತ್ತದೆ, ಮಾಲೀಕ ಅದನ್ನು ಸುಳ್ಳೆಂದು ಸಾಬೀತುಪಡಿಸುವವರೆಗೆ. ಪೆಸ್ಟ್ ಕಂಟ್ರೋಲ್ ನಾನು ಮಾಡಿಸುತ್ತೇನೆಂದು ಬಾಯಿಮಾತಿನಲ್ಲಿ ಹೇಳಿ ಮರೆತ ಮಾಲೀಕನಿಗೆ ಇದು ಬಿಸಿತುಪ್ಪ.

ಲೈಸೆನ್ಸುದಾರ ಮಾಡಬಾರದ ಒಂದು ಕೆಲಸ, ಸಿಟ್ಟಿನಿಂದ ಮನೆಯಲ್ಲೇ ಠಿಕಾಣಿ ಹೂಡುವುದು. ಅವಧಿ ಮುಗಿದ ಮೇಲೂ ಉಳಿದರೆ ಅದೇ ಕಾಯ್ದೆಯ 24ನೇ ಕಲಮಿನ ಕೆಳಗೆ ಇಮ್ಮಡಿ ಶುಲ್ಕ ತೆರಬೇಕಾಗುತ್ತದೆ. ಮಾಲೀಕನ ತೆರವು ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಿಯ ಮುಂದೆ. ಅಲ್ಲಿ ಪ್ರತಿವಾದ ಹೂಡಲೂ ಮೊದಲು ಅನುಮತಿ ಪಡೆಯಬೇಕು, ತಿಗಣೆಯ ಕತೆ ಅಲ್ಲಿ ನಡೆಯುವುದು ಕಷ್ಟ.

ಬಾಡಿಗೆ ನಿಲ್ಲಿಸಬಹುದೇ

ಪೂರ್ತಿ ನಿಲ್ಲಿಸುವುದು ಜಾಣತನವಲ್ಲ. ಕೋಲ್ಕತ್ತದ ಸ್ಟೀಫನ್ ಕೋರ್ಟ್ ಕಟ್ಟಡದ ವ್ಯಾಜ್ಯದಲ್ಲಿ ಮಾಲೀಕ ಮೂರು ಮಲಗುವ ಕೋಣೆಗಳಲ್ಲಿ ಒಂದನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೂ ಇಡೀ ಬಾಡಿಗೆ ತಡೆಯುವ ಹಕ್ಕು ಬಾಡಿಗೆದಾರನಿಗಿಲ್ಲ, ಸಿಕ್ಕಿದ ಭಾಗಕ್ಕೆ ತಕ್ಕಷ್ಟು ಕೊಡಬೇಕೆಂದು ಸುಪ್ರೀಂ ಕೋರ್ಟು 1966ರಲ್ಲಿ ಹೇಳಿತು. 1999ರ ಕಾಯ್ದೆಯೂ ಬಾಡಿಗೆ ಕೊಡಲು ಸದಾ ಸಿದ್ಧನಿರುವ ಬಾಡಿಗೆದಾರನನ್ನಷ್ಟೇ ಕಾಯುತ್ತದೆ. ಕೊಡುತ್ತಲೇ ಇರಬೇಕು, ರಸೀದಿ ಕೇಳಬೇಕು, ಮುರಿದುಕೊಂಡದ್ದನ್ನು ಲೆಕ್ಕದೊಡನೆ ಬರೆದು ತಿಳಿಸಬೇಕು.

ಯಾರು ತಂದ ಕೀಟ

ವಾದದ ತಿರುಳು ಬಹುಮಟ್ಟಿಗೆ ಇಲ್ಲಿದೆ, ಮತ್ತು ಕೀಟದಿಂದ ಕೀಟಕ್ಕೆ ಉತ್ತರ ಬೇರೆ. ಗೆದ್ದಲು ಮಣ್ಣಿನಿಂದ ಅಡಿಪಾಯದ ಮೂಲಕ ಬರುವಂಥದ್ದು. ಕಟ್ಟುವ ಮುನ್ನ ಮಣ್ಣಿಗೆ ಗೆದ್ದಲುನಿರೋಧಕ ಹಾಕುವ ಬಗೆಗೂ, ಕಟ್ಟಿದ ಮೇಲಿನ ಚಿಕಿತ್ಸೆಗೂ ಭಾರತೀಯ ಮಾನಕ ಐಎಸ್ 6313 ಇದೆ. ಇದು ಕಟ್ಟಡದ ರೋಗ, ಬಾಡಿಗೆದಾರನ ಚೀಲದಲ್ಲಿ ಬಂದುದಲ್ಲ. ಹೊಸ ಟವರಾದರೆ ಸ್ಥಿರಾಸ್ತಿ ನಿಯಂತ್ರಣದ ರೇರಾ ಕಾಯ್ದೆಯಂತೆ ಸ್ವಾಧೀನದಿಂದ 5 ವರ್ಷದೊಳಗಿನ ಕೆಲಸದ ದೋಷಗಳನ್ನು ಬಿಲ್ಡರ್ ಪುಕ್ಕಟೆ ಸರಿಪಡಿಸಬೇಕು. ಕೇಳುವ ಹಕ್ಕು ಫ್ಲ್ಯಾಟು ಕೊಂಡವನದು. ‘ನನ್ನ ಕೈಯಲ್ಲೇನಿದೆ’ ಎನ್ನುವ ಮಾಲೀಕನಿಗೆ ಇದನ್ನು ನೆನಪಿಸಬಹುದು.

ಹೆಗ್ಗಣ, ಜಿರಳೆಗಳಿಗೆ ಸಂದು, ಚರಂಡಿಗಳ ಫೋಟೋ ಸಾಕ್ಷಿ. ತಿಗಣೆಯದೇ ತಲೆನೋವು. ಅದು ಹಾಸಿಗೆ, ಸೂಟ್‌ಕೇಸು, ಹಳೆಯ ಮಂಚ ಹತ್ತಿ ಬರುತ್ತದೆ, ಉಣ್ಣದೆ ತಿಂಗಳುಗಟ್ಟಲೆ ಗೋಡೆಯ ಬಿರುಕಿನಲ್ಲಿ ಬದುಕುತ್ತದೆ. ಬಾಡಿಗೆದಾರ ಬಂದ ಮೊದಲ ವಾರದಲ್ಲೇ ಲಿಖಿತವಾಗಿ ದೂರಿದ್ದರೆ, ಸ್ವಿಚ್‌ಬೋರ್ಡಿನ ಹಿಂದೆ ಹಳೆಯ ಕಪ್ಪು ಕಲೆಗಳಿದ್ದರೆ, ಪಕ್ಕದ ಖೋಲಿಯವರೂ ದೂರಿದ್ದರೆ ಹೊಣೆ ಮಾಲೀಕನತ್ತ ವಾಲುತ್ತದೆ. ಎರಡು ವರ್ಷ ಸುಮ್ಮನಿದ್ದು ಈಗ ದೂರಿದರೆ ಹಾಗೆ ವಾಲದು. ಫೋನಿನ ಫೋಟೋ, ವಾಟ್ಸಾಪ್ ಸಂದೇಶಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೂಲ ಕಡತ ಅಳಿಸಬಾರದು.

ಪಾಲಿಕೆ, ಮ್ಯಾಜಿಸ್ಟ್ರೇಟ್, ಸೊಸೈಟಿ

ಮಾಲೀಕನನ್ನು ದಾಟಿ ಹೋಗುವ ಮೊದಲ ಬಾಗಿಲು ಪಾಲಿಕೆ. ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆ, 1949, ಉಪದ್ರವಕಾರಿ ಚರಂಡಿ, ಕಸ, ನಿಂತ ನೀರುಗಳನ್ನು ಸರಿಪಡಿಸುವಂತೆ ನೋಟಿಸು ಕೊಡುವ ಅಧಿಕಾರವನ್ನು ಆಯುಕ್ತರಿಗೆ ನೀಡಿದೆ. ಶಹಾಡಿನಲ್ಲಿ ಎಡವುವುದು ವಿಳಾಸದಲ್ಲಿ: ಊರಿನ ಒಂದು ಪಾಲು 1983ರಲ್ಲಿ ಹುಟ್ಟಿದ ಕಲ್ಯಾಣ-ಡೊಂಬಿವಲಿ ಪಾಲಿಕೆಗೆ, ಇನ್ನೊಂದು ಉಲ್ಲಾಸನಗರ ಪಾಲಿಕೆಗೆ ಸೇರಿದೆ. ಮನೆಯ ತೆರಿಗೆ ಬಿಲ್ಲಿನ ಮೇಲೆ ಯಾರ ಹೆಸರಿದೆಯೆಂದು ನೋಡಿ ದೂರು ಕೊಡಬೇಕು, ಇಲ್ಲದಿದ್ದರೆ ಕಾಗದ ಹಳಿಯ ಆಚೆ ಈಚೆ ಓಡಾಡುತ್ತದೆ. ಇನ್ನೊಂದು ಎಚ್ಚರಿಕೆ, ಇಂಥ ನೋಟಿಸು ಮಾಲೀಕನಿಗೇ ಹೋಗಬೇಕೆಂದಿಲ್ಲ, ವಾಸಿಸುವವನಿಗೂ ಬರಬಹುದು. ಮನೆಯೊಳಗಿನ ಡ್ರಮ್ಮಿನಲ್ಲಿ ಸೊಳ್ಳೆಮರಿ ಸಿಕ್ಕರೆ ಅದು ಮಾಲೀಕನದಲ್ಲ.

ತೊಂದರೆ ಒಂದು ಮನೆಯದಲ್ಲದೆ ಓಣಿಯದಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನ ಕೆಳಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಕಲಮು. 1980ರ ರತ್ಲಾಮ್ ಪುರಸಭೆ ಪ್ರಕರಣ ಇದರ ಮೇಲೆಯೇ ನಿಂತದ್ದು: ತೆರೆದ ಚರಂಡಿ, ಸೊಳ್ಳೆ, ದುರ್ವಾಸನೆಗಳ ವಿರುದ್ಧ ನಾಗರಿಕರು ಹೋರಾಡಿದಾಗ, ಹಣವಿಲ್ಲವೆಂಬುದು ಪುರಸಭೆಗೆ ನೆಪವಾಗದು ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದರು.

ಸಹಕಾರಿ ಸೊಸೈಟಿಯಲ್ಲಿ ಹೊರಗೋಡೆ, ಡ್ರೈನೇಜ್ ಸಾಲು, ಚಾವಣಿ ಸೊಸೈಟಿಯ ಹೊಣೆ. ಆದರೆ ಬಾಡಿಗೆಯವನು ಸದಸ್ಯನಲ್ಲ, ಅವನ ಪತ್ರವನ್ನು ಕಾರ್ಯದರ್ಶಿ ಕಡತಕ್ಕೆ ಸೇರಿಸಿ ಮರೆಯಬಹುದು. ಮಾಲೀಕನ ಕೈಯಿಂದಲೇ ದೂರು ಬರೆಸಬೇಕು. ಬಾಡಿಗೆಗೆ ಕೊಟ್ಟಿದ್ದಕ್ಕೆ ಸೇವಾ ಶುಲ್ಕದ ಶೇ. 10ರವರೆಗೆ ಹೆಚ್ಚುವರಿ ಶುಲ್ಕ ತೆರುತ್ತಿರುವ ಮಾಲೀಕನಿಗೆ ಸೊಸೈಟಿಯನ್ನು ಕೇಳುವ ನೈತಿಕ ಬಲವೂ ಇದೆ.

ಗ್ರಾಹಕ ಆಯೋಗದ ಬಾಗಿಲು ಬರೀ ಮನೆಬಾಡಿಗೆಯ ತಕರಾರಿಗೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಊಟ-ವಸತಿ ಕೊಡುವ ಪೇಯಿಂಗ್ ಗೆಸ್ಟ್ ನಿಲಯ, ದುಡ್ಡು ತೆಗೆದುಕೊಂಡು ಕೆಲಸ ಕೆಡಿಸಿದ ಪೆಸ್ಟ್ ಕಂಟ್ರೋಲ್ ಸಂಸ್ಥೆ ಇವುಗಳ ಮೇಲೆ ಹೋಗಬಹುದು.

ಔಷಧಿಯ ಅಪಾಯ

ಕೀಟನಾಶಕ ಹೊಡೆಯುವ ವ್ಯವಹಾರಕ್ಕೆ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳಂತೆ ಪರವಾನಗಿ ಬೇಕು. ಅದನ್ನು ತೋರಿಸಲು ಕೇಳುವುದು ಸಂಕೋಚದ ವಿಷಯವಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತೇವ ತಗುಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರನ್ನೂ ಕೊಲ್ಲುತ್ತದೆ. ಕಿರಾಣಿ ಅಂಗಡಿಯಿಂದ ತಂದು ಇಲಿಗೆ ಇಡುವ ವಸ್ತು ಅದಲ್ಲ. 2022ರ ಆಗಸ್ಟಿನಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ಕೀಟನಾಶಕ ಹೊಡೆಸಿದ್ದ ಬಾಡಿಗೆ ಮನೆಗೆ ಮರಳಿದ ಕುಟುಂಬದ ಎಂಟು ವರ್ಷದ ಹುಡುಗಿ ತೀರಿಕೊಂಡಳು, ಮನೆ ಮಾಲೀಕನ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಯಾವ ಔಷಧಿ, ಎಷ್ಟು ಹೊತ್ತು ಹೊರಗಿರಬೇಕು, ಮರಳಿ ಯಾವಾಗ ಬರಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು, ಮಾಲೀಕ ಮಾಡಿಸಿದರೂ ಸರಿ, ತಾನೇ ಮಾಡಿಸಿದರೂ ಸರಿ. ತಿಗಣೆಗೆ ಒಂದೇ ಸಲ ಸಾಲದು. ಮೊಟ್ಟೆಗಳು ಸುಮಾರು ಒಂದೂವರೆ ವಾರದೊಳಗೆ ಒಡೆಯುವುದರಿಂದ ಎರಡನೇ ಸುತ್ತು ಬೇಕಾಗುತ್ತದೆ. ಮುರಿದುಕೊಳ್ಳುವ ಲೆಕ್ಕದಲ್ಲಿ ಎರಡೂ ಬಿಲ್ಲುಗಳು ಇರಲಿ.

ಬೇರೆಡೆ

ಕರ್ನಾಟಕ ಬಾಡಿಗೆ ಕಾಯ್ದೆ, 1999, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಬೆಂಗಳೂರಿನ ಬಹುಪಾಲು ಮನೆಗಳು ಹಾಗಾಗಿ ಕರಾರು ಮತ್ತು ಆಸ್ತಿ ವರ್ಗಾವಣೆ ಕಾಯ್ದೆಯ ಕೈಯಲ್ಲಿವೆ. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಒಂದು ಹೆಜ್ಜೆ ಮುಂದಿದೆ. ಅದರಂತೆ ಮಾಲೀಕ ಮಾಡದ ರಿಪೇರಿಯನ್ನು ಬಾಡಿಗೆದಾರ ಮಾಡಿಸಿ ತಿಂಗಳ ಬಾಡಿಗೆಯ ಅರ್ಧದವರೆಗೆ ಮುರಿದುಕೊಳ್ಳಬಹುದು. ಮನೆ ವಾಸಕ್ಕೆ ಅಯೋಗ್ಯವಾದರೆ 15 ದಿನಗಳ ನೋಟಿಸು ಕೊಟ್ಟು ಬಿಡಬಹುದು. ಅದರ ರಿಪೇರಿಗಳ ಪಟ್ಟಿಯಲ್ಲೂ ಕೀಟವಿಲ್ಲ, ಚರಂಡಿ ಶುಚಿಗೊಳಿಸುವುದನ್ನಂತೂ ಬಾಡಿಗೆದಾರನ ಪಾಲಿಗೇ ಹಾಕಿದೆ. ರಾಜ್ಯ ಅಂಗೀಕರಿಸಿದರೆ ಮಾತ್ರ ಅದು ಕಾನೂನು. ಬ್ರೈಟನ್ನಿನ ತಿಗಣೆಯಿಂದ ಶುರುವಾದ ಇಂಗ್ಲೆಂಡಿನ ಚರ್ಚೆ 2018ರ ಕಾಯ್ದೆಯಲ್ಲಿ ಒಂದು ನೆಲೆಗೆ ಬಂತು. ಅಲ್ಲಿ ಈಗ ಮನೆಯ ಯೋಗ್ಯತೆಯನ್ನು ಅಳೆಯುವ ಅಪಾಯಗಳ ಪಟ್ಟಿಯಲ್ಲಿ ಕೀಟ ಮತ್ತು ಕಸಕ್ಕೆ ಸ್ಪಷ್ಟ ಸ್ಥಾನವಿದೆ.

ವಕೀಲರ ಖರ್ಚಿಗೆ ಹೆದರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ನೆರವಿಗಿದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿಯಿದೆ. ರಾಷ್ಟ್ರೀಯ ಸಹಾಯವಾಣಿ 15100. ಮನೆ ಬಿಟ್ಟ ಮೇಲೆ ಡಿಪಾಸಿಟ್ಟಿನಲ್ಲಿ ‘ಪೆಸ್ಟ್ ಕಂಟ್ರೋಲ್ ಖರ್ಚು’ ಎಂದು ಮಾಲೀಕನೇ ಕತ್ತರಿಸಿಕೊಂಡರೆ, ಅದನ್ನು ವಾಪಸು ಕೇಳುವ ದಾವೆಗೆ ಮೂರು ವರ್ಷಗಳ ಕಾಲಮಿತಿಯಿದೆ.